ಚೌಕಟ್ಟಿನ ಹಿಂದೆ ಇದ್ದವರು

ಗಾಜಿನಕ್ಕ ಗಾಜು ಕತ್ತರಿಸುವಾಗ ಅಂಗಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಬಾರದು ಎಂದು ಅವಳೇನೂ ಕಟ್ಟಪ್ಪಣೆ ಮಾಡಿರಲಿಲ್ಲ. ಆದರೆ ಅಳತೆಪಟ್ಟಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ಕಟ್ಟರನ್ನು ಸರ್‍ರನೆ ಎಳೆದು, ಗಾಜನ್ನು ಮೇಜಿನ ಅಂಚಿಗೆ ಇಟ್ಟು ‘ಟಕ್’ ಎಂದು ಮುರಿಯುವ ತನಕ ನೋಡುವವರೇ ಉಸಿರು ಬಿಗಿಹಿಡಿಯುತ್ತಿದ್ದರು. ಮುರಿದ ಮೇಲೆ ಅವಳೇ ಮೊದಲು ಬಾಯಿ ತೆರೆಯುತ್ತಿದ್ದಳು. ಒಮ್ಮೆ ತೆರೆದರೆ ಮುಚ್ಚುವುದು ಅಂಗಡಿಯ ಬಾಗಿಲಿನ ಜೊತೆಗೇ.

ಫೋಟೋಗಳಿಗೆ ಕಟ್ಟು ಹಾಕುವ ಆ ಅಂಗಡಿ ಅವಳ ಮಾವನದು. ಒಂದು ಬಾಗಿಲಿನ ಉದ್ದನೆಯ ಕೋಣೆ. ಗೋಡೆಗೆ ಒರಗಿ ನಿಂತ ಮರದ ಪಟ್ಟಿಗಳು, ಅಂಟಿನ ವಾಸನೆ, ಎಷ್ಟು ಗುಡಿಸಿದರೂ ಎಲ್ಲೋ ಒಂದು ಕಡೆ ಮಿನುಗುವ ಗಾಜಿನ ಚೂರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾವನಿಗೆ ಊಟದ ಡಬ್ಬಿ ತರುವುದಕ್ಕೆ ಮಾತ್ರ ಇಲ್ಲಿಗೆ ಬರುತ್ತಿದ್ದಳು. ಗಂಡನಿಗೆ ಈ ಕೆಲಸದಲ್ಲಿ ಆಸಕ್ತಿ ಇರಲಿಲ್ಲ. ಅವನಿಗೆ ಒಂದು ವ್ಯಾನ್ ಇತ್ತು. ಅಂಗಡಿಗಳಿಗೆ ಸಾಮಾನು ಸಾಗಿಸುತ್ತಿದ್ದ, ಅದರಲ್ಲೇ ಅವನಿಗೆ ಸುಖ. ಮಾವನ ಕೈ ನಡುಗಲು ಶುರುವಾದಾಗ ಅಂಗಡಿ ಮುಚ್ಚುವ ಮಾತು ಬಂತು. ಅವತ್ತು ಡಬ್ಬಿ ತಂದವಳು ಡಬ್ಬಿಯನ್ನು ಕೆಳಗಿಟ್ಟು, “ಆ ಕಟ್ಟರ್ ಇಲ್ಲಿ ಕೊಡಿ ಮಾವ, ನೋಡೋಣ” ಅಂದಳು. ಮೊದಲ ಗಾಜು ಅಡ್ಡಾದಿಡ್ಡಿ ಸೀಳಿತು. ಎರಡನೆಯದೂ ಹಾಗೇ ಆಯಿತು. ಮಾವ ಊಟ ಮುಗಿಸಿ ಕೈ ತೊಳೆದು ಬರುವ ಹೊತ್ತಿಗೆ ಒಂದು ಗಾಜು ನೆಟ್ಟಗೆ ಮುರಿದಿತ್ತು.

“ಭಯ ಇಲ್ಲ ನಿಂಗೆ. ಅದೇ ಬೇಕಾಗಿರೋದು” ಅಂದ ಮಾವ, ಅವತ್ತಿನಿಂದ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡು ಕೂತ.

ಅದಾಗಿ ಎಷ್ಟೋ ವರ್ಷ ಅವಳು ತಂದದ್ದಕ್ಕೆ ಕಟ್ಟು ಹಾಕಿದಳು, ಒಡೆದದ್ದಕ್ಕೆ ಗಾಜು ಬದಲಾಯಿಸಿದಳು, ಅಷ್ಟೇ. ಹಳೆಯ ಚೌಕಟ್ಟು ಬಿಚ್ಚಿದಾಗ ಫೋಟೋದ ಹಿಂದೆ ಏನೇನೋ ಸಿಗುತ್ತಿತ್ತು. ಹಳೇ ಕ್ಯಾಲೆಂಡರಿನ ಹಾಳೆ, ಸೋಪಿನ ರಟ್ಟು, ಒಮ್ಮೊಮ್ಮೆ ಬೇರೆ ಫೋಟೋ. ಜನ ಹೊಸ ಫೋಟೋ ತಂದಾಗ “ಹಳೇದು ಹಿಂದೆನೇ ಇರ್ಲಿ ಬಿಡಿ” ಅನ್ನುತ್ತಿದ್ದರು. ಮಾವನೂ ಇಡುತ್ತಿದ್ದ. ಫೋಟೋ ಅಲುಗಾಡದಂತೆ ಹಿಂದೆ ಏನಾದರೂ ತುಂಬಬೇಕಲ್ಲ. ಅವಳೂ ಹಾಗೇ ಮಾಡುತ್ತಿದ್ದಳು, ಪೋಸ್ಟ್‌ಮಾಸ್ಟರ್ ದಂಪತಿ ಬರುವವರೆಗೆ.

ಪೋಸ್ಟ್‌ಮಾಸ್ಟರ್ ಕೆಲಸದಿಂದ ನಿವೃತ್ತರಾಗಿದ್ದರು. ಮಗ ಪದವಿಯ ಗೌನು ಹಾಕಿಕೊಂಡು ನಿಂತ ಫೋಟೋದ ಗಾಜು ಒಡೆದಿತ್ತು. ಗಂಡ ಹೆಂಡತಿ ಇಬ್ಬರೂ ಬಂದು ಬೆಂಚಿನ ಮೇಲೆ ಕೂತರು. ಗಾಜಿನಕ್ಕ ಹಿಂದಿನ ಸಣ್ಣ ಮೊಳೆಗಳನ್ನು ಕಿತ್ತು ರಟ್ಟು ಎತ್ತಿದಳು. ಮಗನ ಬೆನ್ನಿಗೆ ಅಂಟಿಕೊಂಡಂತೆ ಅಂಗೈಯಗಲದ ಒಂದು ಫೋಟೋ ಇತ್ತು. ಎರಡು ಜಡೆಯ ಹುಡುಗಿಯೊಬ್ಬಳು ಗಂಡಸರ ಸೈಕಲ್ಲಿನ ಮೇಲೆ, ಪೆಡಲಿನಿಂದ ಎರಡೂ ಕಾಲು ಎತ್ತಿ, ಬಾಯಿ ಪೂರ್ತಿ ತೆರೆದು ನಗುತ್ತ ಇಳಿಜಾರಿನಲ್ಲಿ ಬರುತ್ತಿದ್ದಾಳೆ.

ಪೋಸ್ಟ್‌ಮಾಸ್ಟರ್ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. “ಯಾರಮ್ಮ ಇದು? ನಮ್ಮ ಕಡೆಯವರ ಹಾಗೆ ಕಾಣಲ್ಲ. ಬೇರೆ ಯಾರದ್ದೋ ಸೇರ್ಕೊಂಡಿರಬೇಕು.”

ಹೆಂಡತಿ ಕೈ ಚಾಚಿ ಫೋಟೋ ತೆಗೆದುಕೊಂಡರು. ಸೆರಗಿನ ತುದಿಯಿಂದ ಅದರ ಧೂಳು ಒರೆಸಿದರು. ಆಮೇಲೆ, “ನಾನೇ ಕಣ್ರೀ” ಅಂದರು.

“ನೀನಾ? ನಿಂಗೆ ಸೈಕಲ್ ಬರ್ತಿತ್ತಾ?”

“ಬರದೇ ಏನು? ಬ್ರೇಕ್ ಇರ್ಲಿಲ್ಲ, ಅದಕ್ಕೇ ಕಾಲು ಎತ್ತಿರೋದು.”

“ಮತ್ತೆ ಇಷ್ಟು ವರ್ಷ ಒಂದಿನಾನೂ ಹತ್ತಲಿಲ್ಲ?”

“ನಮ್ಮನೇಲಿ ಇದ್ದಿದ್ದು ಒಂದೇ ಸೈಕಲ್ಲು. ಅದರ ಮೇಲೆ ಯಾವಾಗ್ಲೂ ನೀವೇ ಇರ್ತಿದ್ರಿ.”

ಪೋಸ್ಟ್‌ಮಾಸ್ಟರ್ ಫೋಟೋವನ್ನು ಹೆಂಡತಿಯ ಕೈಯಿಂದ ಮತ್ತೆ ಇಸಿದುಕೊಂಡು ನೋಡಿದರು. ಬಾಗಿಲ ಬಳಿ ಕೂತ ಮಾವ ಕೆಮ್ಮಿನ ನೆಪದಲ್ಲಿ ನಕ್ಕ. ಗಾಜಿನಕ್ಕನಿಗೆ ಮಾತ್ರ ನಗು ಬರಲಿಲ್ಲ. ಇಂಥ ಎಷ್ಟು ಜನರನ್ನು ತಾನು ಕೈಯಾರೆ ಮತ್ತೆ ರಟ್ಟಿನ ಕೆಳಗೆ ಹಾಕಿ ಮೊಳೆ ಹೊಡೆದಿದ್ದೇನೋ ಎಂದು ಲೆಕ್ಕ ಹಾಕಿದಳು. ಮರದ ಪಟ್ಟಿಯ ತುಂಡೊಂದನ್ನು ಹುಡುಕಿ, ಅಲ್ಲೇ ಕೂತು ಸೈಕಲ್ಲಿನ ಹುಡುಗಿಗೆ ಪುಟ್ಟ ಕಟ್ಟು ಹಾಕಿ ಕೊಟ್ಟಳು. ಪೋಸ್ಟ್‌ಮಾಸ್ಟರ್ ಅದನ್ನು ಎದೆಗೆ ಅವುಚಿಕೊಂಡು ಹೋದರು. ಮಗನ ಫೋಟೋ ಹೆಂಡತಿಯ ಚೀಲದಲ್ಲಿ ಹೋಯಿತು.

ಅಲ್ಲಿಂದ ಅದೊಂದು ಹುಚ್ಚು ಹಿಡಿಯಿತು. ಯಾವ ಚೌಕಟ್ಟು ಬಂದರೂ ಹಿಂದೆ ಯಾರಿದ್ದಾರೆ ಎಂದು ನೋಡುವುದು. ಸಿಕ್ಕವರನ್ನು ಒರೆಸಿ, ಬೇರೆ ಕವರಿನಲ್ಲಿ ಹಾಕಿ ವಾರಸುದಾರರ ಕೈಗೆ ಕೊಡುವುದು. ಗಾಜಿಗೆ ಅಂಟಿಕೊಂಡ ಫೋಟೋಗಳನ್ನು ಬಿಡಿಸುವುದು ದೊಡ್ಡ ರಗಳೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಯಾರಿಗೂ ಬೇಡವಾದ ಹಾಳು ಫೋಟೋಗಳ ಮೇಲೆ ಕೈ ಪಳಗಿಸಿಕೊಂಡು, ತಟ್ಟೆಯಲ್ಲಿ ತಣ್ಣೀರು ತುಂಬಿ ಗಾಜಿನ ಸಮೇತ ಮುಳುಗಿಸಿ, ಅದಾಗೇ ಸಡಿಲವಾಗುವ ತನಕ ಕಾಯುವುದನ್ನು ಕಲಿತಳು. ಅವಳ ಸ್ವಭಾವಕ್ಕೆ ಕಾಯುವುದು ಕಷ್ಟವೇ. ಕಾಯುವಾಗಲೆಲ್ಲ ಎದುರಿನ ಫೋಟೋ ಸ್ಟುಡಿಯೋಗೆ ಹೋಗಿ ಅಲ್ಲಿಯ ಯಜಮಾನನ ತಲೆ ತಿನ್ನುತ್ತಿದ್ದಳು.

ಸ್ಟುಡಿಯೋದಣ್ಣನಿಗೂ ಈಗ ಮೊದಲಿನಷ್ಟು ಕೆಲಸ ಇರಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಗಾಜಿನಕ್ಕ ತಂದ ಮಾಸಿದ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಗೀರು ಅಳಿಸಿ, ದೊಡ್ಡದು ಮಾಡಿಕೊಡುವುದು ಅವನಿಗೂ ಹಿಡಿಸಿತು. ಆದರೆ ಅವನ ಕೈ ಸ್ವಲ್ಪ ಧಾರಾಳ.

“ಇದೇನಣ್ಣ, ಈ ಅಜ್ಜಿ ಮುಖದ ಸುಕ್ಕು ಎಲ್ಲಿ ಹೋಯ್ತು?”

“ಚೆಂದ ಕಾಣ್ಲಿ ಅಂತ ತೆಗೆದೆ.”

“ಚೆಂದ ಕಾಣ್ತಾರೆ, ಆದ್ರೆ ಅವರ ಮೊಮ್ಮಕ್ಕಳಿಗೇ ಗುರುತು ಸಿಗಲ್ಲ. ವಾಪಸ್ ಹಾಕಿ.”

“ಸುಕ್ಕು ವಾಪಸ್ ಹಾಕಿ ಅಂತ ಕೇಳಿದ ಮೊದಲನೇ ಗಿರಾಕಿ ನೀನು” ಎಂದು ಅವನು ತಲೆ ಚಚ್ಚಿಕೊಂಡು, ಹಾಕಿಕೊಡುತ್ತಿದ್ದ.

ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಅಕ್ಕಪಕ್ಕದ ಬೀದಿಯವರೂ ಗೋಡೆಯ ಮೇಲಿದ್ದುದನ್ನೆಲ್ಲ ಇಳಿಸಿ ತರತೊಡಗಿದರು. ಕೆಲವರು ಕಣ್ಣೀರು ಹಾಕಿದರು, ಕೆಲವರು “ಅಯ್ಯೋ ಇವನು ಯಾಕೆ ಸಿಕ್ಕಿದ” ಅಂದರು. ಗಾಜಿನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋಟೋದಲ್ಲಿ ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರ ಕೈ ಯಾರ ಹೆಗಲ ಮೇಲಿದೆ ಎಂದು ನೋಡಿದರೆ ಸಾಕು, ಇವರು ಅಕ್ಕತಂಗಿ, ಅವರು ಅತ್ತೆಸೊಸೆ ಎಂದು ಹೇಳಿಬಿಡುತ್ತಿದ್ದಳು. ಹತ್ತಕ್ಕೆ ಎಂಟು ಸರಿಯಾಗಿಯೇ ಇರುತ್ತಿತ್ತು. ಉಳಿದ ಎರಡರ ಬಗ್ಗೆ ಅವಳು ತಲೆ ಕೆಡಿಸಿಕೊಂಡವಳಲ್ಲ.

ಹಾಗಿರುವಾಗ ಬೇಕರಿಯಣ್ಣ ಬಂದ.

ಮೂಲೆಯ ಬೇಕರಿ ಆ ಬಡಾವಣೆಗೆಲ್ಲ ಹಳೆಯದು. ಬೆಳಗಾಗುವ ಮೊದಲೇ ಅಲ್ಲಿಂದ ಬರುವ ಬ್ರೆಡ್ಡಿನ ಘಮಕ್ಕೆ ಬೀದಿ ಎದ್ದು ಕೂರುತ್ತಿತ್ತು. ಬೇಕರಿಯಣ್ಣ ಗಟ್ಟಿ ಮನುಷ್ಯ, ನಗುವುದರಲ್ಲಿ ಜಿಪುಣ. ಬೇಕರಿಗೆ ಐವತ್ತು ವರ್ಷ ತುಂಬುತ್ತಿತ್ತು. ಗಲ್ಲಾಪೆಟ್ಟಿಗೆಯ ಮೇಲೆ ತೂಗುವ ತಂದೆಯ ಫೋಟೋಗೆ ಹೊಸ ಕಟ್ಟು ಬೇಕಿತ್ತು.

“ಒಬ್ಬರೇ ಕಟ್ಟಿದ ಬೇಕರಿ ಇದು. ಕಟ್ಟು ಗಂಭೀರವಾಗಿರ್ಲಿ” ಎಂದು ಹೇಳಿ ಹೋದ.

ಸಂಜೆ ಮಾವ ಮನೆಗೆ ಹೋದ ಮೇಲೆ ಅವಳು ಅದನ್ನು ಬಿಚ್ಚಿದಳು. ಬೇಕರಿಯ ದೊಡ್ಡ ಯಜಮಾನರು ಮೀಸೆ ತಿದ್ದಿಕೊಂಡು ನೆಟ್ಟನೆ ನೋಡುತ್ತಿದ್ದರು. ಅವರ ಹಿಂದೆ ಕಂದು ಕಾಗದದ ಒಂದು ಪೊಟ್ಟಣ. ನಾಲ್ಕೂ ಅಂಚು ಅಚ್ಚುಕಟ್ಟಾಗಿ ಮಡಚಿತ್ತು. ಜಾಗ ತುಂಬಲು ಇಟ್ಟ ಕಾಗದವನ್ನು ಯಾರೂ ಹಾಗೆ ಮಡಚುವುದಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆಯಬೇಕಿತ್ತು. ಆದರೆ ಒಳಗಿದ್ದ ಫೋಟೋ ನೋಡಿದ ಮೇಲೆ ಬೇರೇನೂ ಹೊಳೆಯಲಿಲ್ಲ.

ಇಟ್ಟಿಗೆಯ ಒಲೆ. ಅದರ ಬಾಯಿಯ ಮುಂದೆ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡ ಒಬ್ಬ ತರುಣಿ, ಕೈಯಲ್ಲಿ ಉದ್ದ ಹಿಡಿಯ ಮರದ ಹಲಗೆ, ಅದರ ಮೇಲೆ ಆಗ ತಾನೇ ಹೊರಬಂದ ಬ್ರೆಡ್ಡು. ಕೆನ್ನೆಯ ಮೇಲೆ ಹಿಟ್ಟು. ‘ಬೇಗ ತೆಗಿ, ಒಳಗಿರೋದು ಸೀದುಹೋಗುತ್ತೆ’ ಎನ್ನುವ ಹಾಗೆ ನೋಡುತ್ತಿದ್ದಾಳೆ. ಪಕ್ಕದಲ್ಲಿ ಖಾಲಿ ತಟ್ಟೆ ಹಿಡಿದು ಹಲ್ಲು ಬಿಡುತ್ತಿರುವ ತೆಳ್ಳಗಿನ ಯುವಕ. ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಆದರೂ ದೊಡ್ಡ ಯಜಮಾನರೇ ಎಂದು ಯಾರು ಬೇಕಾದರೂ ಹೇಳಬಹುದು. ಫೋಟೋದ ಮೂಲೆಯಲ್ಲಿ ಮಾತ್ರ ಕಪ್ಪಗೆ ಏನೋ ಒಂದು ಕಲೆ.

ಗಂಡ, ಹೆಂಡತಿ, ಮೊದಲ ಒಲೆ. ಗಾಜಿನಕ್ಕ ಹೇಳಿಯೇಬಿಟ್ಟಳು, ತನಗೆ ತಾನೇ. ಬೇಕರಿಯಣ್ಣನ ತಾಯಿ ಮೊಣಕಾಲು ನೋವಿನಿಂದ ಮಹಡಿಯ ಮನೆಯಿಂದ ಕೆಳಗಿಳಿಯುತ್ತಿರಲಿಲ್ಲ. ಆ ಅಮ್ಮನೂ ಒಂದು ಕಾಲದಲ್ಲಿ ಹೀಗೆ ಒಲೆಯ ಮುಂದೆ ನಿಂತವರು ಎಂದು ಬೀದಿಗೆಲ್ಲ ಗೊತ್ತಾಗಲಿ ಎನಿಸಿತು. ಸ್ಟುಡಿಯೋದಣ್ಣನ ಹತ್ತಿರ ದೊಡ್ಡದು ಮಾಡಿಸಿದಳು. ಅವನು ಕಪ್ಪು ಕಲೆ ಅಳಿಸಲು ಹೊರಟರೆ, “ಇರ್ಲಿ ಬಿಡಿ, ಹಳೇದು ಹಳೇದರ ಹಾಗೇ ಇರ್ಲಿ” ಅಂದಳು. ತೇಗದ ಪಟ್ಟಿಯಲ್ಲಿ ತನ್ನ ಕೈಯಿಂದಲೇ ಕಟ್ಟು ಹಾಕಿದಳು. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ, ಮಾವನ ಮುಂದೆಯೂ. ಎಲ್ಲರೂ ಬೆರಗಾಗಬೇಕೆಂಬ ಆಸೆ.

ಸಮಾರಂಭದ ದಿನ ಬೇಕರಿ ತುಂಬ ಜನ. ಹಳೆಯ ಗಿರಾಕಿಗಳು, ಅಂಗಡಿಯವರು, ಬೇಕರಿಯಣ್ಣನ ಬೀಗರು. ದೊಡ್ಡ ಯಜಮಾನರು ಹೊಸ ಕಟ್ಟಿನಲ್ಲಿ ಗೋಡೆ ಏರಿದ್ದರು. ಗಾಜಿನಕ್ಕ ಪೇಪರು ಸುತ್ತಿದ ಚೌಕಟ್ಟನ್ನು ಹೊತ್ತು ತಂದು, ಎಲ್ಲರೆದುರು ಬಿಚ್ಚಿ, ಗಲ್ಲಾಪೆಟ್ಟಿಗೆಯ ಪಕ್ಕ ಎತ್ತಿ ನಿಲ್ಲಿಸಿದಳು.

“ನೋಡಿ ಅಣ್ಣ, ನನ್ನ ಕಡೆಯಿಂದ ಉಡುಗೊರೆ. ದೊಡ್ಡ ಯಜಮಾನ್ರು, ಪಕ್ಕದಲ್ಲಿ ನಿಮ್ಮಮ್ಮ. ನಿಮ್ಮಪ್ಪನ ಫೋಟೋ ಹಿಂದೆನೇ ಇದ್ರು.”

ಬೇಕರಿಯಣ್ಣ ಹತ್ತಿರ ಬಂದು ನೋಡಿದ. ಮುಖದ ರಂಗು ಇಳಿಯಿತು.

“ಇದು ನಮ್ಮಮ್ಮ ಅಲ್ಲ.”

ಬಿಸ್ಕತ್ತು ಕಡಿಯುತ್ತಿದ್ದವರೂ ಬಾಯಿ ಆಡಿಸುವುದು ನಿಲ್ಲಿಸಿದರು. ಹಿಂದಿನಿಂದ ಯಾರೋ ಹೆಂಗಸು, “ಮತ್ಯಾರು?” ಅಂದಳು. ಇನ್ನಾರೋ “ಯಜಮಾನರ ಫೋಟೋ ಹಿಂದೆ ಬಚ್ಚಿಟ್ಟಿದ್ರಂತೆ” ಎಂದು ಪಿಸುಗುಟ್ಟಿದ್ದು ಎಲ್ಲರ ಕಿವಿಗೂ ಬಿತ್ತು. ಬೀಗರು ಮುಖ ಮುಖ ನೋಡಿಕೊಂಡರು. ಬೇಕರಿಯಣ್ಣ ಚೌಕಟ್ಟನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಇಟ್ಟ.

“ನಾನು ಕಟ್ಟು ಹಾಕು ಅಂದಿದ್ದೆ” ಅಂದ, ದನಿ ಏರಿಸದೆ. “ನಮ್ಮಪ್ಪನ ಬೆನ್ನ ಹಿಂದೆ ಏನಿದೆ ನೋಡು ಅಂದಿರ್ಲಿಲ್ಲ.”

ಅವನು ಕೂಗಾಡಿದ್ದರೆ ಅವಳೂ ಎರಡು ಮಾತು ಆಡುತ್ತಿದ್ದಳೇನೋ. ಅವಳ ಬಾಯಿಗೆ ಬೀಗ ಬಿದ್ದದ್ದನ್ನು ಬೀದಿ ಅವತ್ತೇ ಮೊದಲು ನೋಡಿದ್ದು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಾವನ ಮುಂದೆ ಕೂತು ಎಲ್ಲ ಹೇಳಿದಳು. ಮಾವ ಕೇಳುತ್ತ ಕೇಳುತ್ತ ನೆಟ್ಟಗಾದ.

“ಕಂದು ಕಾಗದದಲ್ಲಿ ಮಡಚಿತ್ತಾ?”

“ಹೂಂ.”

“ಅದು ಜಾಗ ತುಂಬೋಕೆ ಇಟ್ಟಿದ್ದಲ್ಲ ಮಗಳೇ. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿನೇ ಆ ಫೋಟೋ ಕಟ್ಟು ಹಾಕಿಸೋಕೆ ತಂದಿದ್ರು. ಈ ಪೊಟ್ಟಣ ಕೊಟ್ಟು, ಇದನ್ನ ಅವರ ಹಿಂದೆ ಇಡಿ, ಯಾರಿಗೂ ಹೇಳ್ಬೇಡಿ ಅಂದ್ರು. ಇಟ್ಟೆ. ಹೇಳ್ಲಿಲ್ಲ.”

“ಆಯಮ್ಮನೇ ಕೊಟ್ಟಿದ್ದಾ? ಒಳಗೆ ಯಾರ ಫೋಟೋ ಇದೆ ಅಂತ ಕೇಳ್ಲಿಲ್ವಾ ಮಾವ?”

“ನಾನು ಗಾಜು ಹಾಕೋನು. ಕೇಳೋ ಕೆಲಸ ಶುರುವಾಗಿದ್ದು ಈ ಅಂಗಡಿಗೆ ನೀನು ಬಂದ ಮೇಲೆ.”

ಗಾಜಿನಕ್ಕ ಎದ್ದು ಮುಖ ತೊಳೆದುಕೊಂಡಳು. ಅಳುವುದಕ್ಕಿಂತ ಮಾಡುವುದಕ್ಕೆ ಕೆಲಸ ಇದ್ದರೆ ಅವಳಿಗೆ ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು. ಗಂಡನ ಜೊತೆ ಬೇರೊಬ್ಬಳಿರುವ ಫೋಟೋವನ್ನು ಯಾವ ಹೆಂಡತಿಯಾದರೂ ತಾನೇ ಜೋಪಾನವಾಗಿ ಮಡಚಿ ಅವನ ಹಿಂದೆ ಇಡಿಸುತ್ತಾಳೆಯೇ? ಊರು ಅಂದುಕೊಂಡದ್ದು ಸುಳ್ಳು. ಅದನ್ನು ಸುಳ್ಳು ಎಂದು ಹೇಳಬಲ್ಲವರು ಒಬ್ಬರೇ.

ಮರುದಿನ ಬೆಳಿಗ್ಗೆ ಅವಳು ಬೇಕರಿಗೆ ಹೋದಾಗ ಬೇಕರಿಯಣ್ಣ ತಲೆ ಎತ್ತದೆ ಬನ್ನು ಜೋಡಿಸುತ್ತಿದ್ದ. ರಾತ್ರಿ ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ.

“ಅಣ್ಣ, ಕೇಳದೆ ಮಾಡಿದ್ದು ತಪ್ಪು. ಮೊದಲು ನಿಮ್ಮ ಕೈಗೆ ಕೊಡಬೇಕಿತ್ತು. ಅದಕ್ಕೆ ಏನು ಬೇಕಾದ್ರೂ ಅನ್ನಿ, ಅನ್ನಿಸ್ಕೋತೀನಿ.”

ಅವನು ಇನ್ನೊಂದು ಸಾಲು ಬನ್ನು ಜೋಡಿಸಿದ.

“ಆದ್ರೆ ಒಂದು ಮಾತು. ಆ ಫೋಟೋನ ಅಲ್ಲಿ ಇಟ್ಟಿದ್ದು ನಿಮ್ಮಪ್ಪ ಅಲ್ಲ. ಇಡಿಸಿದ್ದು ನಿಮ್ಮಮ್ಮ. ನಮ್ಮ ಮಾವನ ಕೈಗೆ ಅವರೇ ಕೊಟ್ಟಿದ್ದಂತೆ.”

ಬನ್ನು ಹಿಡಿದ ಕೈ ಹಾಗೇ ನಿಂತಿತು. “ಅಮ್ಮನಾ?” ಅಂದ. ಬನ್ನನ್ನು ತಟ್ಟೆಗೆ ಹಾಕಿದ. ಆಮೇಲೆ ಗೋಡೆಗೆ ಮುಖ ಮಾಡಿದ್ದ ಚೌಕಟ್ಟನ್ನು ಎತ್ತಿಕೊಂಡು, “ಬಾ” ಎಂದು ಮೆಟ್ಟಿಲು ಹತ್ತಿದ.

ಅಮ್ಮ ಕಿಟಕಿಯ ಬಳಿ ಕೂತು ಬೇಕರಿಯ ಏಪ್ರನ್ನಿಗೆ ಗುಂಡಿ ಹಾಕುತ್ತಿದ್ದರು. ಮಗ ಚೌಕಟ್ಟನ್ನು ಅವರ ಮಡಿಲಿಗೆ ಇಟ್ಟ. ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಗಾಜಿನ ಮೇಲೆ ಕೈಯಾಡಿಸಿದರು.

“ಹೊರಗೆ ಬಂದ್ಲಾ?” ಅಂದರು. “ಬರ್ಲಿ. ಸಾಕಾಗಿತ್ತು.”

“ಯಾರಮ್ಮ ಇವರು?”

“ನಿಮ್ಮತ್ತೆ. ನಿಮ್ಮಪ್ಪನ ಒಡಹುಟ್ಟಿದ ತಂಗಿ.”

ಬೇಕರಿಯಣ್ಣ ಹಾಸಿಗೆಯ ಅಂಚಿಗೆ ಕೂತುಬಿಟ್ಟ. ಅಮ್ಮ ಫೋಟೋದಿಂದ ಕಣ್ಣು ಕೀಳದೆ ಹೇಳುತ್ತ ಹೋದರು. ಒಲೆ ಕಟ್ಟಿಸಿದ್ದು ಅಣ್ಣತಂಗಿ ಇಬ್ಬರೂ ಸೇರಿ. ಅಣ್ಣನಿಗೆ ವ್ಯಾಪಾರ ಗೊತ್ತಿತ್ತು, ಬ್ರೆಡ್ಡು ಗೊತ್ತಿರಲಿಲ್ಲ. ಹಿಟ್ಟು ನಾದುವುದು, ಹುಳಿ ಬರಿಸುವುದು, ಒಲೆಯ ಬಿಸಿ ಹಿಡಿಯುವುದು ಎಲ್ಲ ತಂಗಿಯದು. ಆಮೇಲೆ ಅವಳು ಹಿಟ್ಟಿನ ಗಿರಣಿಯವನನ್ನು ಮದುವೆಯಾಗುತ್ತೇನೆ ಅಂದಳು. ಹುಡುಗ ಒಳ್ಳೆಯವನೇ. ಅಣ್ಣನಿಗೆ ಅವನ ಮೇಲೆ ದೂರೇನೂ ಇರಲಿಲ್ಲ. ಇವಳು ಹೋದರೆ ಒಲೆ ನೋಡುವವರು ಯಾರು ಎಂಬ ಒಂದೇ ಹೆದರಿಕೆ. ಹೆದರಿಕೆ ಸಿಟ್ಟಾಯಿತು. ‘ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ’ ಅಂದ. ಅವಳೂ ಅವನ ತಂಗಿಯೇ ತಾನೆ, ತುಳಿಯಲಿಲ್ಲ.

“ನೀನು ಆಗ ಅಂಬೆಗಾಲಿಡ್ತಿದ್ದೆ. ಆಮೇಲೆ ಯಾರಾದ್ರೂ ಕೇಳಿದ್ರೆ, ನಾನೊಬ್ಬನೇ ಕಟ್ಟಿದ್ದು ಅನ್ನೋರು ನಿಮ್ಮಪ್ಪ. ಹೇಳಿ ಹೇಳಿ ಅವರೇ ನಂಬಿಬಿಟ್ರು. ಅವರು ಹೋದ ಮೇಲೆ ಅವರ ಫೋಟೋ ಒಂದನ್ನೇ ಗೋಡೆಗೆ ಹಾಕೋಕೆ ನನಗೆ ಮನಸ್ಸು ಬರ್ಲಿಲ್ಲ. ಇವಳನ್ನ ಮುಂದೆ ಇಡೋ ಧೈರ್ಯನೂ ಇರ್ಲಿಲ್ಲ. ಅದಕ್ಕೆ ಹಿಂದೆ ಇಡಿಸಿದೆ. ಅಣ್ಣನ ಬೆನ್ನಿಗಾದ್ರೂ ಇರ್ಲಿ ಅಂತ.”

ಗಾಜಿನಕ್ಕ ಮೂಗು ಒರೆಸಿಕೊಂಡು, ಇನ್ನೇನು ಕೇಳುವುದೆಂದು ತಿಳಿಯದೆ, “ಅಮ್ಮ, ಈ ಮೂಲೇಲಿ ಕಪ್ಪಗೆ ಇದೆಯಲ್ಲ, ಅದು ಹೋಗ್ಲೇ ಇಲ್ಲ” ಅಂದಳು.

“ಹೇಗೆ ಹೋಗುತ್ತೆ? ಅದು ನನ್ನ ಹೆಬ್ಬೆರಳು. ಫೋಟೋ ತೆಗೆದಿದ್ದು ನಾನು. ಯಾರದೋ ಕ್ಯಾಮೆರಾ ಕೇಳಿ ತಂದಿದ್ದೆ. ‘ಬೇಗ ಒತ್ತು ಅತ್ತಿಗೆ, ಸೀದುಹೋಗುತ್ತೆ’ ಅಂತ ಒಂದೇ ಸಮ ಬಯ್ತಿದ್ಲು.” ಅಮ್ಮ ನಕ್ಕರು. ನಗುತ್ತಲೇ ಕಣ್ಣು ತುಂಬಿತು.

ಬೇಕರಿಯಣ್ಣ ಕೇಳಿದ, “ಈಗ ಅವರು ಇದಾರಾ ಅಮ್ಮ?”

“ಇದಾಳೆ. ಗಿರಣಿ ಊರಲ್ಲೇ. ಅಲ್ಲಿಂದ ಬರೋರನ್ನ ಕಂಡಾಗೆಲ್ಲ ಕೇಳ್ತಾನೇ ಇದೀನಿ.”

ಮುಂದಿನದನ್ನು ಗಾಜಿನಕ್ಕ ಯಾರ ಬಾಯಿಗೂ ಬಿಡಲಿಲ್ಲ. “ನಮ್ಮನೆಯವರ ವ್ಯಾನಿದೆ. ಮುಂದಿನ ಸೀಟಲ್ಲಿ ದಿಂಬು ಹಾಕಿದ್ರೆ ಅಮ್ಮನ ಮೊಣಕಾಲಿಗೆ ಏನೂ ಆಗಲ್ಲ. ಯಾವತ್ತು ಹೊರಡೋಣ, ಅದನ್ನ ನೀವು ಹೇಳಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು, “ಹೋಗೋದಾದ್ರೆ” ಎಂದು ಸೇರಿಸಿದಳು.

“ಭಾನುವಾರ” ಅಂದರು ಅಮ್ಮ, ಮಗ ಬಾಯಿ ತೆರೆಯುವ ಮೊದಲೇ.

ಭಾನುವಾರ ಹೊರಟರು. ಗಾಜಿನಕ್ಕನ ಗಂಡ ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದ. ಕನ್ನಡಿ ಸಾಗಿಸುವಾಗಲೂ ಅವನು ಅಷ್ಟು ಜೋಪಾನ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಬೇಕರಿಯಣ್ಣ ಚೌಕಟ್ಟನ್ನು ತೊಡೆಯ ಮೇಲೆ ಹಿಡಿದು, ಪರೀಕ್ಷೆಗೆ ಹೋಗುವವನ ಹಾಗೆ ಕೂತಿದ್ದ.

ಗಿರಣಿಯ ಪಕ್ಕದಲ್ಲೇ ಮನೆ. ಬಾಗಿಲು ತೆರೆದವರು ಗಿರಣಿಯ ಯಜಮಾನರು. ಜೀವಮಾನವೆಲ್ಲ ಯಂತ್ರದ ಸದ್ದಿನಲ್ಲಿ ಕಳೆದು ಕಿವಿ ಅರ್ಧ ಹೋಗಿತ್ತು. “ಬೇಕರಿಯವರು” ಅಂದರೆ “ನಾವು ಬೇಕರಿ ಇಟ್ಟಿಲ್ಲ, ಹಿಟ್ಟು ಬೇಕಾ?” ಅಂದರು. ಅಷ್ಟರಲ್ಲಿ ಒಳಗಿಂದ, “ಯಾರ್ರೀ ಅದು?” ಎನ್ನುತ್ತ ಒಬ್ಬ ಮುದುಕಿ ಬಂದರು. ನೆಟ್ಟನೆಯ ಬೆನ್ನು, ಮೇಲಕ್ಕೆ ಮಡಚಿದ ರವಿಕೆಯ ತೋಳು. ವ್ಯಾನಿನಿಂದ ಮಗನ ಹೆಗಲು ಹಿಡಿದು ಇಳಿಯುತ್ತಿದ್ದ ಅತ್ತಿಗೆಯನ್ನು ಕಂಡು ಹೊಸ್ತಿಲಲ್ಲೇ ನಿಂತರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗಾಜಿನಕ್ಕನ ನಾಲಿಗೆ ತುದಿಗೆ ಏನೇನೋ ಬಂತು. ತುಟಿ ಕಚ್ಚಿ ಹಿಡಿದಳು.

“ಅಣ್ಣ ಹೋದಾಗ ಒಂದು ಮಾತು ಹೇಳಿಕಳಿಸಲಿಲ್ಲ ನೀನು” ಅಂದರು ಅತ್ತೆ. “ಯಾರೋ ಹಿಟ್ಟು ಒಯ್ಯೋರು ಹೇಳಿದ್ರು ನನಗೆ. ತಿಂಗಳಾದ ಮೇಲೆ.”

“ಧೈರ್ಯ ಆಗ್ಲಿಲ್ಲ ಕಣೆ.”

“ನಿನಗೆ ಯಾವತ್ತು ಧೈರ್ಯ ಇತ್ತು? ಕ್ಯಾಮೆರಾ ಗುಂಡಿ ಒತ್ತೋಕೂ ಕೈ ನಡುಗ್ತಿತ್ತು.”

ಬೇಕರಿಯಣ್ಣ ಮುಂದೆ ಬಂದು ಚೌಕಟ್ಟು ಚಾಚಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಒಂದೂ ನೆನಪಿಗೆ ಬರದೆ, “ಅತ್ತೆ” ಎಂದಷ್ಟೇ ಅಂದ. ಅತ್ತೆ ಅವನ ಮುಖ ನೋಡಿದರು, ಫೋಟೋ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಾಯಿತು.

“ಈ ಒಲೆ ಬಾಯಿ ಎಡಗಡೆ ಸೀಳು ಬಿಟ್ಟಿತ್ತು. ಸರಿ ಮಾಡಿಸಿದ್ರಾ?”

“ಇಲ್ಲ ಅತ್ತೆ. ಈಗ್ಲೂ ಹಾಗೇ ಇದೆ. ಆ ಕಡೆ ಬ್ರೆಡ್ಡು ಬೇಗ ಕೆಂಪಾಗುತ್ತೆ.”

“ಆಗದೇ ಇನ್ನೇನು. ಐವತ್ತು ವರ್ಷ ಅದೇ ಸೀಳು ಇಟ್ಕೊಂಡು ಕೂತಿದೀರಾ” ಎಂದು ಅತ್ತೆ ಬಯ್ಯತೊಡಗಿದರು. ಬಯ್ಯುತ್ತಲೇ ಕೆಳಗಿಳಿದು ಬಂದು ಅತ್ತಿಗೆಯ ಇನ್ನೊಂದು ತೋಳು ಹಿಡಿದುಕೊಂಡರು. ಒಳಗೆ ಹೋದ ಮೇಲೆ ಇಬ್ಬರೂ ಎಷ್ಟು ಅತ್ತರು, ಎಷ್ಟು ಜಗಳವಾಡಿದರು ಎಂಬುದು ಗಾಜಿನಕ್ಕನಿಗೂ ಪೂರ್ತಿ ಗೊತ್ತಿಲ್ಲ. ಅವಳು ಹೊರಗೆ ಗಂಡನ ಜೊತೆ ಗಿರಣಿಯ ಕಟ್ಟೆಯ ಮೇಲೆ ಕೂತು, ಗಿರಣಿಯ ಯಜಮಾನರಿಗೆ ಇಡೀ ಕಥೆಯನ್ನು ಮೊದಲಿನಿಂದ ಕೂಗಿ ಕೂಗಿ ಹೇಳುತ್ತಿದ್ದಳು.

ಕೆಲವು ದಿನಗಳಾದ ಮೇಲೆ ಅತ್ತೆಯೇ ಬೇಕರಿಗೆ ಬಂದರು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತರು. ಬೇಕರಿಯಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದು ಕೈ ಹಿಡಿದು ಒಳಗೆ ಕರೆದುಕೊಂಡ. ಬನ್ನಿಗಾಗಿ ನಿಂತಿದ್ದವರಲ್ಲಿ ಅವತ್ತು ಪಿಸುಗುಟ್ಟಿದವರೂ ಇದ್ದರು. ಅವರೆಲ್ಲರಿಗೂ ಕೇಳುವ ಹಾಗೆ, “ನಮ್ಮ ಸೋದರತ್ತೆ. ಈ ಬೇಕರಿಯ ಮೊದಲನೇ ಬ್ರೆಡ್ಡು ಮಾಡಿದವರು. ಫೋಟೋದಲ್ಲಿ ನೋಡಿದ್ರಲ್ಲ, ಇವರೇ” ಅಂದ. ಅವತ್ತು ‘ಮತ್ಯಾರು?’ ಅಂದಿದ್ದ ಹೆಂಗಸು, “ಮೂಗು ಥೇಟ್ ಯಜಮಾನರದ್ದೇ” ಎಂದು ಮೊದಲೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿದಳು.

ಫೋಟೋ ಎಲ್ಲಿ ತೂಗುಹಾಕುವುದು ಎಂಬುದಕ್ಕೆ ಮಾತ್ರ ದೊಡ್ಡ ಚರ್ಚೆಯಾಯಿತು. ಬೇಕರಿಯಣ್ಣ ಅಪ್ಪನ ಪಕ್ಕ ಅಂದ. ಅತ್ತೆ ಒಪ್ಪಲಿಲ್ಲ.

“ನಾನು ಯಾವತ್ತೂ ಗಲ್ಲಾದ ಹತ್ರ ಕೂತವಳಲ್ಲ. ಒಲೆ ಹತ್ರ ಹಾಕು.”

“ಒಲೆ ಹತ್ರ ಆಗಲ್ಲ ಅತ್ತೆ” ಎಂದಳು ಗಾಜಿನಕ್ಕ, ಸುತ್ತಿಗೆ ಮೊಳೆ ಹಿಡಿದು ಕಾಯುತ್ತಿದ್ದವಳು. “ಬಿಸಿಗೆ ಫೋಟೋ ಸುರುಟಿಕೊಳ್ಳುತ್ತೆ. ಎರಡು ವರ್ಷದಲ್ಲಿ ನೀವೇ ನಿಮಗೆ ಗುರುತು ಸಿಗಲ್ಲ.”

“ಹಾಗಾದ್ರೆ ನೀನೇ ಹೇಳು.”

ಅವಳು ಗಲ್ಲಾದಿಂದ ಒಲೆಮನೆಗೆ, ಒಲೆಮನೆಯಿಂದ ಗಲ್ಲಾಗೆ ಓಡಾಡಿ ನೋಡಿದಳು. ಕೊನೆಗೆ ನಡುಬಾಗಿಲ ಪಕ್ಕದ ಗೋಡೆಯ ಮೇಲೆ ಬೆರಳಿಟ್ಟಳು. ಕಾವು ಅಲ್ಲಿಗೆ ಬರುವುದಿಲ್ಲ. ತಟ್ಟೆ ಹೊತ್ತು ಓಡಾಡುವ ಕೆಲಸದವರೆಲ್ಲ ಅದರ ಮುಂದೆಯೇ ಹಾಯಬೇಕು, ಬನ್ನು ಕೊಳ್ಳುವವರಿಗೂ ಕಾಣುತ್ತದೆ. ಅತ್ತೆ ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದರು. “ಹೊಡಿ” ಅಂದರು. ಗಾಜಿನಕ್ಕ ಮೊಳೆ ಹೊಡೆದಳು. ಅಷ್ಟರಲ್ಲಾಗಲೇ ಅತ್ತೆ ಒಲೆಯ ಮುಂದೆ ಬಗ್ಗಿ, ಸೀಳಿಗೆ ಯಾವ ಮಣ್ಣು ಮೆತ್ತಬೇಕು ಎಂದು ಕೆಲಸದವನಿಗೆ ಹೇಳಿಕೊಡುತ್ತಿದ್ದರು.

ಅವತ್ತಿನಿಂದ ಗಾಜಿನಕ್ಕ ಒಂದು ವಿಷಯದಲ್ಲಿ ಬದಲಾದಳು. ಉಳಿದದ್ದರಲ್ಲಿ ಮೊದಲಿನ ಹಾಗೇ. ಈಗಲೂ ಹಿಂದೆ ಸಿಕ್ಕವರನ್ನು ನೀರಿನಲ್ಲಿ ಬಿಡಿಸಿ, ಒರೆಸಿ, ಒಣಗಿಸುತ್ತಾಳೆ. ಈಗಲೂ ಸುಕ್ಕಿನ ವಿಷಯಕ್ಕೆ ಸ್ಟುಡಿಯೋದಣ್ಣನ ಜೊತೆ ಜಗಳ ನಡೆಯುತ್ತದೆ. ಆದರೆ ಕಟ್ಟು ಹಾಕುವ ಮೊದಲು ಫೋಟೋವನ್ನು ಮನೆಯವರ ಕೈಗೆ ಕೊಟ್ಟು, ತಾನು ಬೆಂಚಿನ ಈ ತುದಿಗೆ ಕೂರುತ್ತಾಳೆ. ಇವರು ಅಕ್ಕತಂಗಿ, ಅವರು ಅತ್ತೆಸೊಸೆ ಎಂದು ಹೇಳಿಬಿಡುವ ಚಪಲ ಬಂದಾಗ ಬಾಯಿಗೆ ಒಂದು ಮೊಳೆ ಕಚ್ಚಿಕೊಳ್ಳುತ್ತಾಳೆ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಬೇಕರಿಯ ಅತ್ತೆ ಅಂಗಡಿಗೆ ಬಂದರು. ಕಂಕುಳಲ್ಲಿ ತಗಡಿನ ಡಬ್ಬಿ. ಮೇಜಿನ ಮೇಲೆ ಮಗುಚಿದರು. ಗಿರಣಿ ಕಟ್ಟುವಾಗಿನ ಫೋಟೋ, ಮಕ್ಕಳು ಹಿಟ್ಟಿನ ಮೂಟೆಯ ಮೇಲೆ ನಿದ್ದೆ ಹೋದ ಫೋಟೋ, ಕಿವಿ ಇನ್ನೂ ಚುರುಕಾಗಿದ್ದ ಕಾಲದ ಗಿರಣಿ ಯಜಮಾನರು. ಒಂದರ ಮೇಲೊಂದು ಅಂಟಿಕೊಂಡಿದ್ದವು.

“ಒಂದು ಫೋಟೋಗೆ ಇಷ್ಟೆಲ್ಲ ಮಾಡಿದ್ಯಲ್ಲ, ಇವಕ್ಕೂ ಏನಾದ್ರೂ ಮಾಡು” ಅಂದರು.

“ಮಾಡೋಣ. ಹೊತ್ತು ಹಿಡಿಯುತ್ತೆ” ಎಂದು ಗಾಜಿನಕ್ಕ ತಟ್ಟೆಗೆ ನೀರು ತುಂಬಿದಳು. ಅಂಟಿಕೊಂಡ ಮೊದಲನೆಯ ಕಂತೆಯನ್ನು ಮೆಲ್ಲಗೆ ಮುಳುಗಿಸಿ, ಅತ್ತೆಗೆ ಸ್ಟೂಲು ಎಳೆದು ಕೊಟ್ಟಳು. ಇಬ್ಬರೂ ತಟ್ಟೆಯ ಮೇಲೆ ಬಗ್ಗಿ ಕೂತರು. ನೀರಿನೊಳಗೆ ಒಂದು ಅಂಚು ಸಡಿಲವಾಗಿ, ಕೆಳಗಿನಿಂದ ಯಾರದೋ ಕಾಲು, ಆಮೇಲೆ ಮಂಡಿ, ಆಮೇಲೆ ಮಂಡಿಯ ಮೇಲಿಟ್ಟ ಪುಟ್ಟ ಕೈ ಕಾಣಿಸಿತು.

“ಇದ್ಯಾರು ಅತ್ತೆ?”

“ತಾಳು, ಮುಖ ಬರ್ಲಿ” ಅಂದರು ಅತ್ತೆ.